ತಾಯಿಯ ವಿದ್ಯಾರ್ಹತೆ



ಹೋದ ವರ್ಷದ ಮಾತು. ಗಿರಣಿಯಿಂದ ರಾಗಿ ಬೀಸಿಸಿಕೊಂಡು ಮನೆಗೆ ಬರುತ್ತಿದ್ದೆ. ನಮ್ಮ ಬೀದಿಯ ಕೊನೆಮನೆಯಾಕೆ ಜಗಲಿಯ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಯಾಕಮ್ಮಾ, ಏನಾಯ್ತು?" ಎಂದೆ. "ಏನಿಲ್ಲ ಅಕ್ಕ, ಈರುಳ್ಳಿ ಹೆಚ್ತಾ ಇದ್ದೆ" ಎಂದಳು. ಸುತ್ತ ನೋಡಿದರೆ ಈರುಳ್ಳಿಯೂ ಇಲ್ಲ, ಈಳಿಗೆಮಣೆಯೂ ಇಲ್ಲ!

ಕೂತು ಮಾತನಾಡಿಸಿದ ಮೇಲೆ ವಿಷಯ ಹೊರಗೆ ಬಂತು. ಮಗಳನ್ನು ಪಿ.ಯು.ಸಿ.ಗೆ ಸೇರಿಸುವ ಅರ್ಜಿ ಮನೆಗೆ ಬಂದಿತ್ತು. ಅದರಲ್ಲಿ 'ತಾಯಿಯ ವಿದ್ಯಾರ್ಹತೆ' ಎಂಬ ಒಂದು ಸಾಲು. ಮಗಳು ಪೆನ್ನು ಹಿಡಿದು "ಅಮ್ಮಾ, ಇಲ್ಲಿ ಏನು ಬರೀಲಿ?" ಎಂದು ಕೇಳಿದ್ದಾಳೆ. ತಾಯಿ ಸುಮ್ಮನಾದಳು. ಮಗಳು ಸೂಕ್ಷ್ಮದವಳು, ಇನ್ನೊಂದು ಮಾತು ಕೇಳದೆ 'ಗೃಹಿಣಿ' ಎಂದು ಬರೆದು ಮುಂದಿನ ಸಾಲಿಗೆ ಹೋಗಿದ್ದಾಳೆ. ನಡೆದದ್ದು ಇಷ್ಟೇ. ಯಾರೂ ಬೈಯಲಿಲ್ಲ, ಯಾರೂ ಹಂಗಿಸಲಿಲ್ಲ. ಆದರೂ ಆಕೆಗೆ ಅಂದು ಊಟ ಸೇರಲಿಲ್ಲ.

ಆಕೆಗೀಗ ನಲವತ್ತೊಂದು. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ ನಪಾಸು. ಇನ್ನೊಮ್ಮೆ ಕಟ್ಟಿದರೂ ಅದೇ ಪಾಡು. ಮೂರನೆಯ ಸಲ ಕಟ್ಟಬೇಕೆನ್ನುವಷ್ಟರಲ್ಲಿ ಒಳ್ಳೆಯ ಕಡೆಯ ಸಂಬಂಧ ಬಂತು. ಹದಿನೆಂಟು ತುಂಬುತ್ತಲೇ ಮದುವೆ. ಆಮೇಲೆ ಮಕ್ಕಳು, ಅತ್ತೆ-ಮಾವಂದಿರ ಸೇವೆ, ಹಬ್ಬ-ಹರಿದಿನ. ಪುಸ್ತಕ ಎಲ್ಲಿ ಹೋಯಿತೋ, ಆಕೆಗೇ ಮರೆತುಹೋಗಿತ್ತು.

ಸೋದರಿ, ಈ ಕಥೆ ಓದುತ್ತಿರುವ ನಿಮ್ಮಲ್ಲೂ ಕೆಲವರಿಗೆ "ಇದು ನನ್ನದೇ" ಎನ್ನಿಸಿರಬಹುದು. ಒಬ್ಬಳಿಗೆ ಗಣಿತ, ಇನ್ನೊಬ್ಬಳಿಗೆ ಇಂಗ್ಲಿಷು, ಮತ್ತೊಬ್ಬಳಿಗೆ ಊರಿನಲ್ಲಿ ಹೈಸ್ಕೂಲೇ ಇರಲಿಲ್ಲ. ಕಾರಣ ಏನೇ ಇರಲಿ, ನಿಂತದ್ದು ನಿಂತೇಹೋಯಿತು. ನಿಂತ ಆ ಗಾಡಿಯನ್ನು ಮನೆಯಲ್ಲೇ ಕೂತು ಮತ್ತೆ ಹೊರಡಿಸಬಹುದು ಎಂಬುದನ್ನು ತಿಳಿಸುವುದಕ್ಕೇ ಈ ಬಾರಿ ಬರೆಯುತ್ತಿದ್ದೇನೆ.

ಮನೆ ಬಾಗಿಲಿಗೆ ಬಂದ ಹೈಸ್ಕೂಲು

ಕೇಂದ್ರ ಸರ್ಕಾರದ 'ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ' ಎಂಬುದೊಂದಿದೆ. ಎನ್.ಐ.ಓ.ಎಸ್. ಎಂದು ಚಿಕ್ಕದಾಗಿ ಕರೆಯುತ್ತಾರೆ. 1979ರಲ್ಲಿ ಒಂದು ಪ್ರಯೋಗವಾಗಿ ಶುರುವಾದದ್ದು, 1989ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಈಗಿನ ಹೆಸರು ಬಂದದ್ದು 2002ರಲ್ಲಿ. ಹತ್ತನೆಯ ತರಗತಿಗೆ ಸೇರಲು ಹದಿನಾಲ್ಕು ವರ್ಷ ತುಂಬಿರಬೇಕು, ಅಷ್ಟೇ. ಮೇಲಿನ ವಯಸ್ಸಿಗೆ ಮಿತಿಯೇ ಇಲ್ಲ! ನಲವತ್ತಾದರೂ ಸರಿ, ಅರವತ್ತಾದರೂ ಸರಿ.

ನಮ್ಮ ಕೊನೆಮನೆಯಾಕೆಯ ಕಿವಿ ನಿಮಿರಿದ್ದು ಇನ್ನೊಂದು ಮಾತಿಗೆ. ಇಲ್ಲಿ ಹತ್ತನೆಯ ತರಗತಿಗೆ ಗಣಿತ ಕಡ್ಡಾಯವಲ್ಲ. ಒಟ್ಟು ಐದು ವಿಷಯ ಪಾಸಾಗಬೇಕು. ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಬೇಕಾದರೆ ಎರಡು ಭಾಷೆ ತೆಗೆದುಕೊಳ್ಳಬಹುದು. ಉಳಿದವು ನಮ್ಮ ಆಯ್ಕೆ. ಆಕೆ ಆರಿಸಿಕೊಂಡದ್ದು ಕನ್ನಡ, ಇಂಗ್ಲಿಷು, ಗೃಹವಿಜ್ಞಾನ, ಸಮಾಜ ವಿಜ್ಞಾನ, ಮತ್ತು 'ಭಾರತೀಯ ಸಂಸ್ಕೃತಿ ಮತ್ತು ಪರಂಪರೆ'. ಹನ್ನೆರಡನೆಯ ತರಗತಿಗೆ ಹೋದರೆ ಇತಿಹಾಸವೇ ಬೇರೆ ವಿಷಯವಾಗಿ ಸಿಗುತ್ತದೆ, ಅಲ್ಲೂ ಗೃಹವಿಜ್ಞಾನ ಉಂಟು.

ಪರೀಕ್ಷೆ ವರ್ಷಕ್ಕೆ ಎರಡು ಸಲ: ಏಪ್ರಿಲ್-ಮೇಯಲ್ಲೊಮ್ಮೆ, ಅಕ್ಟೋಬರ್-ನವೆಂಬರ್‌ನಲ್ಲೊಮ್ಮೆ. ಐದೂ ವಿಷಯವನ್ನು ಒಂದೇ ಸಲ ಹೊತ್ತುಕೊಳ್ಳಬೇಕೆಂದೇನೂ ಇಲ್ಲ. ಈ ಸಲ ಎರಡು, ಮುಂದಿನ ಸಲ ಒಂದು ಎಂದು ಕಟ್ಟಬಹುದು. ಪಾಸಾದದ್ದು ನಿಮ್ಮ ಲೆಕ್ಕಕ್ಕೆ ಜಮೆಯಾಗಿರುತ್ತದೆ. ಸೇರಿದ ಮೇಲೆ ಐದು ವರ್ಷದ ಅವಧಿ, ಅಷ್ಟರಲ್ಲಿ ಒಂಬತ್ತು ಅವಕಾಶ. ಮನೆಯಲ್ಲಿ ಬಾಣಂತನ ಬಂತು, ಅತ್ತೆಯವರಿಗೆ ಹುಷಾರಿಲ್ಲ ಎಂದು ಒಂದು ಸಲ ತಪ್ಪಿದರೂ ಎಲ್ಲವೂ ಮುಳುಗುವುದಿಲ್ಲ. ನಮ್ಮಂಥವರ ಬದುಕನ್ನು ಕಂಡವರೇ ಈ ನಿಯಮ ಮಾಡಿರಬೇಕು ಎಂದು ನನಗನ್ನಿಸಿತು.

ಇನ್ನು ಪಾಠ. ಪುಸ್ತಕಗಳು ಆ ಸಂಸ್ಥೆಯ ಜಾಲತಾಣದಲ್ಲೇ ಓದಲು ಸಿಗುತ್ತವೆ. 2017ರಲ್ಲಿ ಶುರುವಾದ 'ಸ್ವಯಂ' ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಇದೇ ಪಾಠಗಳ ವೀಡಿಯೊ, ಓದುವ ಪಾಠ, ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು ಎಲ್ಲ ಇವೆ. ಪಾಠ ಕೇಳುವುದಕ್ಕೆ ದುಡ್ಡಿಲ್ಲ. ಆದರೆ ಒಂದು ಮಾತು ನೆನಪಿರಲಿ. ಕಲಿಯುವುದು ಫೋನಿನಲ್ಲಾದರೂ ಪರೀಕ್ಷೆ ಬರೆಯುವುದು ಕೇಂದ್ರಕ್ಕೆ ಹೋಗಿಯೇ. ಗೃಹವಿಜ್ಞಾನದಂಥ ವಿಷಯಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು.

ಫೋನು ಯಾರದು? ಹೊತ್ತು ಯಾರದು?

ಇಷ್ಟು ಕೇಳಿ "ಅಯ್ಯೋ, ಎಷ್ಟು ಸುಲಭ!" ಎಂದುಕೊಳ್ಳಬೇಡಿ. ಕಷ್ಟ ಇರುವುದು ಪಾಠದಲ್ಲಲ್ಲ, ಮನೆಯಲ್ಲಿ.

ಕೊನೆಮನೆಯಲ್ಲಿ ಇದ್ದದ್ದು ಒಂದೇ ಒಳ್ಳೆಯ ಫೋನು. ಅದು ಬೆಳಿಗ್ಗೆ ಯಜಮಾನರ ಜೇಬಿನಲ್ಲಿ ಅಂಗಡಿಗೆ ಹೋದರೆ ಮರಳುವುದು ರಾತ್ರಿ ಎಂಟಕ್ಕೆ. ಆಮೇಲೆ ಮಗಳ ಓದು, ಮಗನ ಕ್ರಿಕೆಟ್ಟು. ಈಕೆಯ ಸರದಿ ಬರುವಷ್ಟರಲ್ಲಿ ಕಣ್ಣು ಎಳೆಯುತ್ತಿರುತ್ತಿತ್ತು. ಪಾಠವಾದರೂ ಕನ್ನಡದಲ್ಲಿದೆಯೇ? ವೀಡಿಯೊಗಳು ಹೆಚ್ಚಿನವು ಹಿಂದಿ, ಇಂಗ್ಲಿಷಿನಲ್ಲಿ. ಮೊದಲ ವಾರವೇ "ನನ್ನ ಕೈಲಾಗೋದಲ್ಲ ಅಕ್ಕ" ಎಂದು ಬಂದು ಕೂತಳು. ಅತ್ತೆಯವರಂತೂ "ಈಗ ಓದಿ ಡಿ.ಸಿ. ಆಗ್ತೀಯೇನೇ?" ಎಂದು ನಕ್ಕಿದ್ದರಂತೆ. ಯಜಮಾನರು ನಗಲಿಲ್ಲ, ಬೇಡವೆನ್ನಲೂ ಇಲ್ಲ. "ಮನೆ ಕೆಲಸ ನಿಲ್ಲದ ಹಾಗೆ ನೋಡ್ಕೋ" ಎಂದರಂತೆ. ನಮ್ಮ ಗಂಡಸರ ಒಪ್ಪಿಗೆ ಬಹಳ ಸಲ ಹೀಗೇ ಇರುತ್ತದೆ, ಅಲ್ಲವೇ?

ದಾರಿ ತೋರಿಸಿದವಳು ಮಗಳೇ. ನಮ್ಮ ರಾಜ್ಯದ ಶಾಲಾ ಪುಸ್ತಕಗಳು ಕನ್ನಡದಲ್ಲೇ 'ದೀಕ್ಷಾ' ಎಂಬ ಸರ್ಕಾರಿ ಆ್ಯಪ್‌ನಲ್ಲಿ ಸಿಗುತ್ತವೆ. ಇಂಗ್ಲಿಷಿನ ಪಾಠವನ್ನು ಮಗಳು ನಿಧಾನವಾಗಿ ಬಿಡಿಸಿ ಹೇಳುವುದು, ಅದಕ್ಕೆ ಹತ್ತಿರದ ವಿಷಯವನ್ನು ತಾಯಿ ಕನ್ನಡದ ಪುಸ್ತಕದಲ್ಲಿ ಓದಿಕೊಳ್ಳುವುದು. ಹೀಗೆ ಶುರುವಾಯಿತು. ರಾತ್ರಿ ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಫೋನು ಅಮ್ಮನದು ಎಂದು ಮಗಳೇ ಕಾನೂನು ಮಾಡಿದಳು. ಆ ಹೊತ್ತಿಗೆ ಊಟ ಬಡಿಸುವುದು ಬೇಡವೇ? ಬೇಕು. ಎಂಟಕ್ಕೇ ಬಡಿಸಿ, ತಟ್ಟೆ ಅವರವರೇ ತೊಳೆದಿಡುವುದೆಂದಾಯಿತು. ಮೊದಲ ದಿನ ಮಗ ಮುಖ ಊದಿಸಿಕೊಂಡ. ಹದಿನೈದು ದಿನದಲ್ಲಿ ಅಭ್ಯಾಸವಾಯಿತು.

ಗೊತ್ತಿದ್ದದ್ದಕ್ಕೇ ಹೆಸರು ಸಿಕ್ಕಿತು

"ಗೃಹವಿಜ್ಞಾನ ಏನು ಓದೋದು, ನಾವು ದಿನಾ ಮಾಡೋದೇ ಅಲ್ವಾ?" ಎಂದು ನೀವು ಕೇಳಬಹುದು. ನಾನೂ ಹಾಗೇ ಕೇಳಿದ್ದೆ. ಆಹಾರ, ಬಟ್ಟೆ, ಮನೆಯ ಹಣ ಮತ್ತು ಹೊತ್ತಿನ ಹೊಂದಾಣಿಕೆ, ಮಕ್ಕಳ ಬೆಳವಣಿಗೆ, ಹದಿಹರೆಯ, ಕೊಳ್ಳುವವರ ಹಕ್ಕು. ಎಲ್ಲವೂ ನಮ್ಮ ಮನೆಯ ಮಾತೇ. ಆದರೆ 'ಮಾಡುವುದು' ಬೇರೆ, 'ಏಕೆಂದು ತಿಳಿದು ಮಾಡುವುದು' ಬೇರೆ. ಆರೋಗ್ಯವೆಂದರೆ ಕಾಯಿಲೆ ಇಲ್ಲದಿರುವುದಷ್ಟೇ ಅಲ್ಲ. ದೇಹ, ಮನಸ್ಸು, ನಾಲ್ಕು ಜನರೊಡನೆ ಬಾಳು, ಮೂರೂ ನೆಟ್ಟಗಿರುವುದು ಎಂದು ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲೇ ತನ್ನ ಸಂವಿಧಾನದಲ್ಲಿ ಹೇಳಿದೆ.

ಒಂದೆರಡು ಉದಾಹರಣೆ ಕೊಡುತ್ತೇನೆ. ಬಿಸಿಬೇಳೆಬಾತು, ಹುಗ್ಗಿ, ಇಡ್ಲಿ, ಎಲ್ಲದರಲ್ಲೂ ಅಕ್ಕಿಗೆ ಬೇಳೆ ಜೊತೆಯಾಗಿದೆ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಯಲ್ಲಿ ಮಿಥಿಯೊನಿನ್ ಎಂಬುದು ಕಡಿಮೆ. ಎರಡೂ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ಅಜ್ಜಿಯರಿಗೆ ಈ ಹೆಸರು ಗೊತ್ತಿರಲಿಲ್ಲ, ಪಾಕ ಗೊತ್ತಿತ್ತು! ಹಾಗೆಯೇ ರಾಗಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಾಲಿನಲ್ಲಿ ಸುಮಾರು 120. ಮುದ್ದೆ 'ಬಡವರ ಊಟ' ಎಂದು ಮೂಗು ಮುರಿಯುವ ಸೊಸೆಯಂದಿರು ಇದನ್ನು ಗಮನಿಸಲಿ.

ಇನ್ನೊಂದು ಸಂಗತಿ ನಮ್ಮ ಮೈಗೇ ತಾಗುವಂಥದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಅಂದರೆ ಜಗಲಿಯ ಮೇಲೆ ಇಬ್ಬರು ಕೂತರೆ ಒಬ್ಬಳಿಗೆ! ಸುಸ್ತು, ತಲೆಸುತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಇದನ್ನೆಲ್ಲ ನಾವು "ಕೆಲಸ ಜಾಸ್ತಿ" ಎಂದುಕೊಂಡು ಸುಮ್ಮನಿರುತ್ತೇವೆ. ಕೊನೆಮನೆಯಾಕೆಯೂ ಸುಮ್ಮನಿದ್ದಳು. ಪಾಠ ಓದಿದ ಮೇಲೆ ಸರ್ಕಾರಿ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡಳು. ಹಿಮೋಗ್ಲೋಬಿನ್ 9 ಇತ್ತು. ಗರ್ಭಿಣಿಯಲ್ಲದ ಹೆಂಗಸಿಗೆ 12 ಇರಬೇಕು. ವೈದ್ಯರು ಮಾತ್ರೆ ಕೊಟ್ಟರು.

ಊಟವಾದ ಕೂಡಲೇ ಕಾಫಿ ಕುಡಿದರೆ ಸೊಪ್ಪು-ಕಾಳಿನಲ್ಲಿರುವ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅದೇ ಊಟದ ಜೊತೆ ನಿಂಬೆರಸವೋ ನೆಲ್ಲಿಕಾಯಿಯೋ ಇದ್ದರೆ ಚೆನ್ನಾಗಿ ಹತ್ತುತ್ತದೆ. ಈಗ ಆ ಮನೆಯಲ್ಲಿ ಕಾಫಿ ಊಟಕ್ಕಿಂತ ಒಂದು ಗಂಟೆ ದೂರ. ಮೊಳಕೆ ಹೆಸರುಕಾಳಿನ ಕೋಸಂಬರಿಗೆ ನಿಂಬೆಹಣ್ಣು ಹಿಂಡುವುದು ತಪ್ಪುವುದಿಲ್ಲ. ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚುತ್ತಾಳೆ. ಹೆಚ್ಚಿ ತೊಳೆದರೆ ಸತ್ವ ನೀರಿನ ಜೊತೆ ಚರಂಡಿಗೆ. ಈ ನಾಲ್ಕು ಮಾತನ್ನು ನೀವು ಪರೀಕ್ಷೆ ಕಟ್ಟದೆಯೂ ಇಂದಿನಿಂದಲೇ ನಡೆಸಬಹುದು.

ಒಗ್ಗರಣೆಯೊಳಗಿನ ಇತಿಹಾಸ

ಇತಿಹಾಸವೆಂದರೆ ಆಕೆಗೆ ಹೆದರಿಕೆ. "ರಾಜರ ಹೆಸರು, ಇಸವಿ, ಯುದ್ಧ... ತಲೇಲಿ ನಿಲ್ಲೋಲ್ಲ ಅಕ್ಕ" ಎನ್ನುತ್ತಿದ್ದಳು. ಅದೂ ಅಡುಗೆಮನೆಯ ಬಾಗಿಲಿನಿಂದಲೇ ಒಳಗೆ ಬಂತು.

ಪಾಠದಲ್ಲಿ ಪೋರ್ಚುಗೀಸರ ವಿಷಯ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ತೀರಕ್ಕೆ ಬಂದ. 1510ರಲ್ಲಿ ಗೋವಾ ಅವರ ಕೈಸೇರಿತು. ಅದಕ್ಕೆ ಸ್ವಲ್ಪ ಮುಂಚೆ, 1492ರಲ್ಲಿ, ಕೊಲಂಬಸ್ ಅಮೆರಿಕದ ಕಡೆಯ ದ್ವೀಪಗಳನ್ನು ಮುಟ್ಟಿದ್ದ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ, ಗೋಡಂಬಿ, ಸೀಬೆಹಣ್ಣು, ಇವೆಲ್ಲ ಅಮೆರಿಕದ ಕಡೆಯವು. ಆ ಹಡಗುಗಳ ಕಾಲದ ನಂತರ ನಮ್ಮಲ್ಲಿಗೆ ಬಂದವು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಮುತ್ತಜ್ಜಿಯೂ ಅಲ್ಲಿಯವಳೇ!

ಇದನ್ನು ಮಗಳು ಗಟ್ಟಿಯಾಗಿ ಓದುತ್ತಿದ್ದಾಗ ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅತ್ತೆಯವರು ಕೈ ನಿಲ್ಲಿಸಿದರು. "ಅದಕ್ಕೇ ಕಣೇ ತಿಥಿ ಅಡುಗೆಗೆ ಮೆಣಸಿನಕಾಯಿ ಹಾಕೋಲ್ಲ, ಕಾಳುಮೆಣಸೇ ಹಾಕೋದು. ಟೊಮೇಟೊ, ಆಲೂಗಡ್ಡೆ ಒಳಗೇ ತರ್ತಿರಲಿಲ್ಲ ನಮ್ಮತ್ತೆ. ಯಾಕೆ ಅಂತ ಕೇಳಿದ್ರೆ 'ಅವು ನಮ್ಮವಲ್ಲ' ಅಂತಿದ್ರು. ಎಲ್ಲಿಯವು ಅಂತ ಅವ್ರಿಗೂ ಗೊತ್ತಿರಲಿಲ್ಲ, ನಂಗೂ ಗೊತ್ತಿರಲಿಲ್ಲ" ಎಂದರು.

ನೋಡಿ, ಪುಸ್ತಕದಲ್ಲಿ ಇಸವಿ ಇತ್ತು; ಅತ್ತೆಯವರ ಒಲೆಯ ಮುಂದೆ ನೆನಪಿತ್ತು. ಅವರ ಮನೆತನದ ಅಡುಗೆಮನೆ ಐನೂರು ವರ್ಷದ ಹಿಂದಿನ ರುಚಿಯೊಂದನ್ನು ವರ್ಷಕ್ಕೊಮ್ಮೆ ಕಾಪಾಡಿಕೊಂಡು ಬಂದಿತ್ತು. 'ಮೆಣಸಿನಕಾಯಿ' ಎಂಬ ಹೆಸರಿನಲ್ಲೇ ಹಳೆಯ 'ಮೆಣಸು' ಕೂತಿದೆ, ಅಲ್ಲವೇ? ಅಂದಿನಿಂದ ಅತ್ತೆಯವರು ಡಿ.ಸಿ. ಮಾತು ಎತ್ತಿಲ್ಲ. ಎಂಟೂವರೆಗೆ ಸರಿಯಾಗಿ ಚಾಪೆ ಹಾಕಿ ಕೂರುತ್ತಾರೆ. ಬಾಯಿಗೆ ಬೀಗ ಹಾಕಿದ್ದಾರೆಂದಲ್ಲ. "ನಿನ್ನ ಪಾಠದ ಗಲಾಟೆಯಲ್ಲಿ ಹಾಲು ಉಕ್ಕಿಸಿದೆ" ಎಂಬ ದೂರು ಈಗಲೂ ವಾರಕ್ಕೊಮ್ಮೆ ಉಂಟು.

ನಮ್ಮ ನಾಡಿನ ಇತಿಹಾಸದಲ್ಲಿ ಹೆಂಗಸರೂ ಪುಸ್ತಕವೂ ದೂರದವರೇನಲ್ಲ. ಸಾವಿರ ವರ್ಷದ ಹಿಂದೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ದಾನ ಮಾಡಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದವಳೂ ಆಕೆಯೇ. ಇನ್ನು ನಂಜನಗೂಡು ತಿರುಮಲಾಂಬ. ಹದಿನಾಲ್ಕನೆಯ ವಯಸ್ಸಿಗೇ ವಿಧವೆಯಾದವರು. ತಂದೆಯ ಆಸರೆಯಲ್ಲಿ ಮನೆಯಲ್ಲೇ ಓದಿ, ಕಾದಂಬರಿ ಬರೆದು, 'ಸತೀಹಿತೈಷಿಣೀ' ಗ್ರಂಥಮಾಲೆ ನಡೆಸಿ, 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನೇ ಹೊರಡಿಸಿದರು. ಇದು ನೂರು ವರ್ಷಕ್ಕೂ ಹಿಂದಿನ ಮಾತು. ನೀವೀಗ ಕೈಯಲ್ಲಿ ಹಿಡಿದಿರುವ ಇಂಥ ಪತ್ರಿಕೆಗಳಿಗೆಲ್ಲ ಆಕೆ ಹಿರಿಯಕ್ಕ. ಮನೆಯಲ್ಲಿ ಕೂತು ಕಲಿಯುವುದು ನಮಗೆ ಹೊಸತಲ್ಲ. ಹೊಸತಾಗಿ ಬಂದಿರುವುದು ಫೋನು ಮಾತ್ರ.

ಸೇರುವ ಮುನ್ನ ಕೆಲವು ಕಿವಿಮಾತು

ಮೊದಲನೆಯದು ಎಚ್ಚರಿಕೆ. ನನ್ನ ಚಿಕ್ಕಮ್ಮನ ಸೊಸೆಯೊಬ್ಬಳು ಹೀಗೇ ಓದಬೇಕೆಂದು ಹೊರಟು, "ಪರೀಕ್ಷೆಯೇ ಇಲ್ಲ, ಮೂರು ತಿಂಗಳಿಗೆ ಹತ್ತನೆಯ ಕ್ಲಾಸಿನ ಸರ್ಟಿಫಿಕೇಟು" ಎಂದವರ ಕೈಗೆ ಹನ್ನೆರಡು ಸಾವಿರ ರೂಪಾಯಿ ಕೊಟ್ಟಳು. ಚೀಟಿಯ ದುಡ್ಡು ಅದು. ಕಾಗದ ಬಂತು, ಚಿನ್ನದ ಬಣ್ಣದ ಮುದ್ರೆಯೂ ಇತ್ತು. ಮುಂದಿನ ಓದಿಗೆ ಕೊಂಡೊಯ್ದರೆ "ಇಂಥ ಬೋರ್ಡಿಗೆ ಮಾನ್ಯತೆಯೇ ಇಲ್ಲ" ಎಂದು ಹಿಂದಕ್ಕೆ ಕೊಟ್ಟರು. ಗಂಡನಿಗೆ ಹೇಳಲಾರದೆ ಒಂದು ವರ್ಷ ಒಳಗೊಳಗೇ ನವೆದಳು. ಆದ್ದರಿಂದ 'ಗ್ಯಾರಂಟಿ ಪಾಸು' ಎನ್ನುವವರನ್ನು ಕಂಡರೆ ಬಾಗಿಲು ಹಾಕಿಕೊಳ್ಳಿ. ಸಂಸ್ಥೆಯ ಸ್ವಂತ ಜಾಲತಾಣದಲ್ಲೇ ಅರ್ಜಿ ತುಂಬಿಸಿ, ಶುಲ್ಕವನ್ನೂ ಅಲ್ಲೇ ಕಟ್ಟಿಸಿ. ಹೆಂಗಸರಿಗೆ ಪ್ರವೇಶ ಶುಲ್ಕದಲ್ಲಿ ರಿಯಾಯಿತಿಯುಂಟು. ಸಂದೇಹವಿದ್ದರೆ ವಿಚಾರಿಸಲು ಬೆಂಗಳೂರಿನಲ್ಲಿ ಅವರ ಪ್ರಾದೇಶಿಕ ಕಚೇರಿ ಇದೆ.

ಎರಡನೆಯದು, ನೀವು ಆರಿಸುವ ವಿಷಯ ಯಾವ ಯಾವ ಮಾಧ್ಯಮದಲ್ಲಿ ಸಿಗುತ್ತದೆ, ಪರೀಕ್ಷಾ ಕೇಂದ್ರ ಎಷ್ಟು ದೂರ ಎಂಬುದನ್ನು ಆ ವರ್ಷದ ವಿವರಣಾ ಪುಸ್ತಕದಲ್ಲಿ ಮೊದಲೇ ನೋಡಿಕೊಳ್ಳಿ. ಸೇರಿದ ಮೇಲೆ ಪೇಚಾಡಬಾರದು.

ಮೂರನೆಯದು, ಮನೆಯಲ್ಲಿ ಬರೆದು ಒಪ್ಪಿಸುವ ಅಭ್ಯಾಸದ ಉತ್ತರಗಳನ್ನು ಅಸಡ್ಡೆ ಮಾಡಬೇಡಿ. ಅದಕ್ಕೆ ಶೇಕಡಾ 20 ಅಂಕವುಂಟು. ಪಾಸಾಗಲು ಶೇಕಡಾ 33 ಸಾಕು. ಹನಿಗೂಡಿದರೆ ಹಳ್ಳ.

ನಾಲ್ಕನೆಯದು, ಒಬ್ಬಳೇ ಓದಬೇಡಿ. ಬೀದಿಯಲ್ಲಿ ಇನ್ನೊಬ್ಬಳನ್ನು ಜೊತೆ ಮಾಡಿಕೊಳ್ಳಿ. ಫೋನು ಪಾಠ ಹೇಳುತ್ತದೆ, "ಯಾಕೆ ನಿನ್ನೆ ಓದಲಿಲ್ಲ?" ಎಂದು ಕೇಳುವುದಿಲ್ಲ. ಅದನ್ನು ಕೇಳುವುದಕ್ಕೆ ಗೆಳತಿಯೇ ಬೇಕು.

ಕೊನೆಯದು ಎಲ್ಲಕ್ಕಿಂತ ದೊಡ್ಡದು. ದಿನಕ್ಕೆ ಒಂದು ಗಂಟೆಯನ್ನು ಮನೆಯವರಿಂದ ಕೇಳಿ ಪಡೆಯಿರಿ. ಕದ್ದು ಓದಬೇಡಿ. ಕದ್ದ ಗಂಟೆ ನಾಲ್ಕು ದಿನ ಬರುತ್ತದೆ, ಎಲ್ಲರೂ ಒಪ್ಪಿ ಕೊಟ್ಟ ಗಂಟೆ ನಾಲ್ಕು ವರ್ಷ ಬರುತ್ತದೆ. ಕೇಳುವಾಗ ನಾಲಿಗೆ ತಡವರಿಸಬಹುದು. ಇಷ್ಟು ವರ್ಷ ಎಲ್ಲರಿಗೂ ಹೊತ್ತು ಹೊತ್ತಿಗೆ ಬಡಿಸಿದ ಕೈ ಅದು. ಒಮ್ಮೆ ತನಗಾಗಿ ಚಾಚಿದರೆ ತಪ್ಪೇನು?

ಕೊನೆಮನೆಯಾಕೆ ಈ ಸಲದ ಏಪ್ರಿಲ್-ಮೇ ಪರೀಕ್ಷೆಯಲ್ಲಿ ಎರಡು ವಿಷಯ ಕಟ್ಟಿದಳು. ಪರೀಕ್ಷೆಯ ದಿನ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಿಸಲು ಯಜಮಾನರು ಅಂಗಡಿಯ ಬಾಗಿಲನ್ನು ಅರ್ಧ ಗಂಟೆ ತಡವಾಗಿ ತೆಗೆದರು. ಕನ್ನಡ ಪಾಸು, ಗೃಹವಿಜ್ಞಾನದಲ್ಲಿ 68. ಅಂದು ಸಂಜೆ ಒಂದು ಬಟ್ಟಲು ಸಜ್ಜಿಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. "ಇನ್ನೂ ಮೂರು ಬಾಕಿ ಇದೆ ಅಕ್ಕ. ಇಂಗ್ಲಿಷು ನೆನೆಸಿಕೊಂಡ್ರೆ ಎದೆ ಡವಡವ ಅನ್ನುತ್ತೆ" ಎಂದಳು. ಎದೆ ಡವಡವ ಎನ್ನಲಿ, ಬಿಡಿ. ಅಂದು ಜಗಲಿಯ ಮೇಲಿನ ಕಣ್ಣೀರಿಗಿಂತ ಅದು ಎಷ್ಟೋ ವಾಸಿ.

ಇನ್ನೆರಡು ವರ್ಷಕ್ಕೆ ಮಗನ ಕಾಲೇಜಿನ ಅರ್ಜಿ ಬರಲಿದೆ. ಆ ಸಾಲನ್ನು ತಾನೇ ತುಂಬುತ್ತೇನೆಂದು ಪೆನ್ನು ತೆಗೆದಿಟ್ಟುಕೊಂಡಿದ್ದಾಳೆ.

ನಿಮ್ಮ ಓದು ಎಲ್ಲಿ ನಿಂತಿತು, ಮತ್ತೆ ಹೊರಡಿಸಲು ಏನು ಅಡ್ಡಿ? ನನಗೆ ಬರೆಯಿರಿ. ನಿಮ್ಮ ಕಾಗದಕ್ಕೆ ಕಾಯುತ್ತಿರುತ್ತೇನೆ.

ನಿಮ್ಮ ಪ್ರೀತಿಯ
ಅಕ್ಕ